ಹೊಣೆಗಾರನ ಸಹಿ

ತಂತಿಯಿಂದ ಬೀಗ ತೆಗೆದು ಮೂರು ಮನೆಗಳಲ್ಲಿ ಕಳವು ಮಾಡಿದ್ದ ಹದಿನಾರರ ನೀಲವ್ವ, ಅದನ್ನು ಕಲಿಸಿದವರು ಯಾರೆಂದು ಬಾಯಿ ಬಿಟ್ಟಿರಲಿಲ್ಲ. ಬಾಲಮಂದಿರ ಬೇಡ, ಊರಲ್ಲೇ ದುಡಿದು ತಿದ್ದಿಕೊಳ್ಳಲಿ ಎಂದು ಬಾಲ ನ್ಯಾಯ ಮಂಡಳಿ ಹೇಳಿದಾಗ ಅವಳ ಹೊಣೆ ಹೊರಲು ಮುಂದೆ ಬಂದವನು ಹಿಟ್ಟಿನ ಗಿರಣಿಯ ಗುರುಪಾದಪ್ಪನೊಬ್ಬನೇ.

ಅವಳನ್ನು ಗಿರಣಿಗೆ ಕರೆತಂದ ಪರಿವೀಕ್ಷಣಾಧಿಕಾರಿ ಸುಲೋಚನಾ ಹಣೆ ಬಡಿದುಕೊಂಡಳು. ಗುರುಪಾದಪ್ಪ ಸಹಿ ಹಾಕಬೇಕಾದ ಕಾಗದದ ಜೊತೆ ಕೀಲಿಕೈಯನ್ನೂ ಸ್ಕೂಟರಿನ ಡಿಕ್ಕಿಯೊಳಗಿಟ್ಟು ಮುಚ್ಚಿಬಿಟ್ಟಿದ್ದಳು.

"ನೀನೇ ತೆಗಿಯವ್ವ. ನಾ ಯಾರ ಮುಂದೂ ಹೇಳಂಗಿಲ್ಲ," ಎಂದು ನಕ್ಕಳು.

ನೀಲವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನಾ ಒಲ್ಲೆರಿ. ಆ ಕಾಗದ ಅಲ್ಲೇ ಇರ್ಲಿ ಬಿಡ್ರಿ ಮೇಡಮ್ಮಾರ. ನನ್ನ ಬಾಲಮಂದಿರಕ್ಕ ಕರ್ಕೊಂಡು ಹೋಗ್ರಿ."

"ಹುಚ್ಚಿ! ಅಲ್ಲಿ ಯಾರದಾರ ನಿನಗ? ಇಲ್ಲಿ ನಿನ್ನ ಊರು, ನಿನ್ನ ಮಂದಿ."



"ಹುಡುಗಿ ಅಂಜ್ಯಾಳ್ರಿ," ಎನ್ನುತ್ತ ಗುರುಪಾದಪ್ಪ ಕೈಗೆ ಮೆತ್ತಿದ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡ. ಅಂಗಿಯ ಕಿಸೆಯಿಂದ ಸಣ್ಣ ತಂತಿಯೊಂದನ್ನು ತೆಗೆದು ಸ್ಕೂಟರಿನತ್ತ ಬಗ್ಗಿದ. ಎರಡು ಸಲ ತಿರುಗಿಸುವಷ್ಟರಲ್ಲಿ ಡಿಕ್ಕಿ ತೆರೆದುಕೊಂಡಿತು.

"ಎಲ್ಲಿ ಸಹಿ ಹಾಕಬೇಕ್ರಿ ಮೇಡಮ್ಮಾರ?"