ಪಾದ ನೆಲ ಸೋಕುವ ಗಳಿಗೆ

ಜಗತ್ತನ್ನೇ ಉದರದಲ್ಲಿ ಧರಿಸಿಯೂ ಭಾರವೆನ್ನದ ಆದಿಮಾತೆಗೆ ನಮಿಸಿ ಈ ಕತೆಯನ್ನು ಹೇಳುತ್ತೇನೆ.

ಬಸುರಿಯರು ನೆಲ ಬಿಟ್ಟು ತೇಲುವ ಲೋಕವದು. ಸೊಂಟದ ಹಗ್ಗ ಅವರು ಗಾಳಿಗೆ ಹಾರಿಹೋಗದಂತೆ ಕಾಯುತ್ತದೆ, ಅಷ್ಟೆ. ಹೆರಿಗೆಯ ನೋವು ಬಲಿತಂತೆ ಅವರು ತಾವಾಗಿಯೇ ಇಳಿಯುತ್ತಾರೆ. ಪಾದ ನೆಲ ಸೋಕಿದಾಗ ಮಗು ಬರುತ್ತದೆ.

ಅಂದು ನೀಲಾಂಬಿಕೆ ತೊಲೆಯ ಕೆಳಗೆ ತೇಲುತ್ತ ನರಳುತ್ತಿದ್ದಳು. "ಆಯೀ, ಹೋದ ಹೆರಿಗ್ಯಾಗ ತಾಸಿಗೊಬ್ಬರು ಒಳಗ ಕೈ ಹಾಕಿ ನೋಡಿದ್ರು. ಈ ಸಲ ಅದು ಬ್ಯಾಡ."

"ಕಣ್ಣು ಅದಾವಲ್ಲವ್ವಾ, ಕೈ ಯಾಕ?" ಎಂದಳು ಸೂಲಗಿತ್ತಿ ಗುರುಬಸಮ್ಮ.

ಆಕೆ ಬಿಸಿನೀರು ತರಲು ಹೋಗಿ ಬರುವಷ್ಟರಲ್ಲಿ ನೀಲಾಂಬಿಕೆಯ ಪಾದ ನೆಲದಿಂದ ಗೇಣಷ್ಟೇ ಮೇಲಿತ್ತು. "ಇಳಿದಾಳ, ಆದ್ರೂ ಕೂಸು ಬರವಲ್ದು. ಕೈ ಹಾಕಿ ನೋಡು!" ಎಂದು ಅತ್ತೆ ಈರಮ್ಮ ಒತ್ತಾಯಿಸಿದಳು. ನೀಲಾಂಬಿಕೆ ಹೆದರಿ ಕಣ್ಣು ಮುಚ್ಚಿದಳು.

ಗುರುಬಸಮ್ಮ ಹಗ್ಗವನ್ನು ನೋಡಿದಳು. ತಾನಾಗಿ ಇಳಿದವಳ ಹಗ್ಗ ಸಡಿಲವಾಗಿರಬೇಕು. ಇದು ಬಿಗಿದಿತ್ತು; ತುದಿಯನ್ನು ಯಾರೋ ಬೀಸುಕಲ್ಲಿಗೆ ಸುತ್ತಿ ಗಂಟು ಹಾಕಿದ್ದರು.

"ಈರವ್ವಾ, ನಿನ್ನ ಸೊಸಿ ಏನು ಗಾಳಿಪಟಾನ, ಜಗ್ಗಿ ಇಳಸಾಕ?"

"ಲಗೂನ ಆಗ್ಲಿ ಅಂತ..." ಎಂದು ನಾಚಿದ ಅತ್ತೆ ತಾನೇ ಗಂಟು ಬಿಚ್ಚಿದಳು.

ನೀಲಾಂಬಿಕೆ ತೊಲೆಯವರೆಗೆ ಏರಿ ನಿಟ್ಟುಸಿರು ಬಿಟ್ಟಳು. ಗುರುಬಸಮ್ಮ ಗೋಡೆಗೊರಗಿ ಕಾದಳು. ಬಿಸಿಲು ಹೊಸ್ತಿಲು ದಾಟುವ ವೇಳೆಗೆ, ಯಾರೂ ಮುಟ್ಟದೆ, ನೀಲಾಂಬಿಕೆ ಮೆಲ್ಲನೆ ಇಳಿಯತೊಡಗಿದಳು. ಹಗ್ಗ ನೆಲದ ಮೇಲೆ ಸುರುಳಿಯಾಯಿತು. ಪಾದ ಸೋಕಿತು. ಮಗು ಅತ್ತಿತು.

"ಆಯೀ, ಕಾದು ಕುಂತ್ಯಲ್ಲ, ಅದಕ್ಕ ಶರಣು," ಎಂದು ನೀಲಾಂಬಿಕೆ ಆಕೆಯ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಇದನ್ನು ಕೇಳಿದವರೆಲ್ಲರ ಮನೆಯಲ್ಲೂ ಹೀಗೆ ಕಾಯಬಲ್ಲವರು ಇರಲಿ. ತಾಯಂದಿರ ಪಾದಗಳು ಸುಖವಾಗಿ ನೆಲ ಸೋಕಲಿ.