ಬಲಗೆನ್ನೆಯ ಚೀಟಿ

ಈ ಮುದುಕನ ನೆನಪು ಸವೆದಿದೆ ಎಂದು ಗೊಣಗುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ. ರಾಮದುರ್ಗದಲ್ಲಿ ನಾಟಕ ಕಂಪನಿ ಬಿಡಾರ ಹೂಡಿದ್ದ ವರ್ಷ ಎರಡು ಸಾವಿರದ ಎಂಟು. ಶಟ್ಟೆಪ್ಪನ ಔಷಧ ಅಂಗಡಿಯ ಬಾಗಿಲು ಹಸಿರು, ನೀಲಿಯಲ್ಲ. ಇನ್ನೊಮ್ಮೆ ತಕರಾರು ತೆಗೆದರೆ ಕಥೆ ಇಲ್ಲಿಗೇ ಬಂದ್.

ಕಂಪನಿಯ ನಾಯಕಿ ಮೆಹೆರಾಜ ಆ ಮಧ್ಯಾಹ್ನ ಓಡುತ್ತಲೇ ಬಂದು ಅಂಗಡಿಯ ಮೆಟ್ಟಿಲು ಹತ್ತಿದಳು. ಬಲಗೆನ್ನೆಯನ್ನು ಶಟ್ಟೆಪ್ಪನ ಮೂಗಿನ ತನಕ ಒಯ್ದಳು.

"ನೋಡ್ರಿ ಅಣ್ಣಾರ, ಗೆರಿ ಎಲ್ಲಿ ಅದಾವ? ಮಾಲಕರು ಸೈತ ಬಲಗಡೆ ಹದಿನೆಂಟರ ಹುಡುಗಿ ಕಂಡಂಗ ಕಾಣ್ತಿ ಅಂದ್ರು. ಚೀಟಿ ತಗೀರಿ!"

ನಲವತ್ತಮೂರು ದಾಟಿದ ಮುಖ ಅದು. ಇಪ್ಪತ್ತೈದು ವರ್ಷ ಬಣ್ಣ ಬಳಿದು ಬಳಿದು ಕಣ್ಣಂಚು ಬಿರುಕು ಬಿಟ್ಟಿತ್ತು. ಮುಂದಿನ ಬೈಲಹೊಂಗಲದ ಮೊಕ್ಕಾಮಿನಿಂದ ನಾಯಕಿ ಬೇರೊಬ್ಬಳು, ನಿನಗೆ ತಾಯಿ ಪಾತ್ರ ಎಂದು ಮಾಲೀಕ ಹೇಳಿಬಿಟ್ಟಿದ್ದ. ಆಕೆ ಕಾಡಿ ಬೇಡಿ ಎರಡು ತಿಂಗಳ ಗಡುವು ಪಡೆದು ಪುಣೆಯಿಂದ ಸುಕ್ಕು ಅಳಿಸುವುದೆಂಬ ಪೆಪ್ಟೈಡ್ ಕ್ರೀಮು ತರಿಸಿದ್ದಳು. ಗಡುವು ಆ ದಿನಕ್ಕೆ ಮುಗಿದಿತ್ತು.

ಕ್ರೀಮಿನ ಜೊತೆಗಿದ್ದ ಇಂಗ್ಲಿಷ್ ಕಾಗದ ಓದಿಸಲು ಬಂದ ದಿನವೇ ಶಟ್ಟೆಪ್ಪ ನಕ್ಕಿದ್ದ. "ಹನ್ನೆರಡ ಮಂದಿ ಹೆಣ್ಮಕ್ಕಳ ಮ್ಯಾಲ ಹಚ್ಚಿ ನೋಡ್ಯಾರ, ಅದೂ ಕ್ರೀಮ್ ಮಾಡಿದವ್ರ. ನಿಮ್ಮ ನಾಟಕಕ್ಕ ನಿಮ್ಮ ಮಾಲಕನ ಚಪ್ಪಾಳಿ ಹೊಡದಂಗಾತು! ಪೆಪ್ಟೈಡ್ ಅಂದ್ರ ಪ್ರೋಟೀನಿನ ಚೂರು. ತೊಗಲು ಅದನ್ನ ಒಳಗ ಬಿಟ್ಕೋಬೇಕಲ್ಲವಾ?"

ಆಕೆಯ ಮುಖ ಇಳಿದದ್ದು ಕಂಡು, ನಾವೇ ಪರೀಕ್ಷೆ ಮಾಡೋಣ ಎಂದ. ಒಂದು ಡಬ್ಬಿಯಲ್ಲಿ ಆ ಕ್ರೀಮು, ಇನ್ನೊಂದರಲ್ಲಿ ಏನೂ ಬೆರೆಸದ ಸಾದಾ ಮುಲಾಮು. ಬಲಗೆನ್ನೆಗೆ ಒಂದು, ಎಡಗೆನ್ನೆಗೆ ಒಂದು. ಯಾವುದು ಯಾವ ಡಬ್ಬಿಯಲ್ಲಿದೆ ಎಂದು ಆಕೆಗೆ ಹೇಳದೆ, ಚೀಟಿ ಬರೆದು ಗೋಡೆಯ ಪಟದ ಹಿಂದೆ ಸಿಕ್ಕಿಸಿಟ್ಟ. ಹದಿನೈದೇ ದಿನಕ್ಕೆ ಆಕೆಗೆ ಬಲಗೆನ್ನೆ ನುಣುಪಾದಂತೆ ಕಂಡಿತು. ಅಂದಿನಿಂದ ಅಳುವುದು, ಹಾಡುವುದು, ಎಲ್ಲವೂ ಬಲಗೆನ್ನೆ ಜನರ ಕಡೆ ತಿರುಗಿಸಿಯೇ. ನಾಯಕನಟ ನಿಲ್ಲುವ ಜಾಗವನ್ನೂ ಜಗಳವಾಡಿ ಬದಲಾಯಿಸಿದ್ದಳು.

ಆ ಮಧ್ಯಾಹ್ನ ಆಕೆ ಚೀಟಿ ಕೇಳಿದರೂ ಶಟ್ಟೆಪ್ಪ ಪಟದ ಕಡೆ ಕೈ ಚಾಚಲಿಲ್ಲ. "ಚೀಟಿ ಯಾಕ ಬಿಡವಾ. ನಿನಗ ಛಲೋ ಅನಿಸೇತಲ್ಲ, ಅಷ್ಟ ಸಾಕು."

"ಸಾಕಾಗೂದಿಲ್ರಿ. ಎಡಗಡೆನೂ ಹಿಂಗ ಆದ್ರ ಪಾತ್ರ ನಿಂದ ಅಂದಾರ ಮಾಲಕರು. ಎಡಕ್ಕ ಯಾವದು ಹಚ್ಚಬೇಕು ಗೊತ್ತಾಗಬೇಕಲ್ಲ?" ಎನ್ನುತ್ತ ಆಕೆಯೇ ಚೀಟಿ ಎಳೆದುಕೊಂಡಳು.

'ಬಲ: ಸಾದಾ ಮುಲಾಮು. ಎಡ: ಪೆಪ್ಟೈಡ್.'

ಪುಟಗಟ್ಟಲೆ ಮಾತು ಒಂದೇ ಓದಿಗೆ ಬಾಯಿಪಾಠ ಮಾಡುತ್ತಿದ್ದವಳು ಅಷ್ಟನ್ನು ಮೂರು ಸಲ ಓದಿದಳು. ಆಮೇಲೆ ಕಪಾಟಿನ ಗಾಜಿನಲ್ಲಿ ಮುಖ ನೋಡಿಕೊಂಡಳು. ಬಲಗೆನ್ನೆಯ ಗೆರೆಗಳು ಇದ್ದಲ್ಲೇ ಇದ್ದವು, ಎಡಗೆನ್ನೆಯವೂ ಇದ್ದಲ್ಲೇ ಇದ್ದವು.

"ಹಂಗಾರ ಮಾಲಕರು ನೋಡಿದ್ದೇನ್ರಿ?"

"ನೀ ತೋರಿಸಿದ್ದ ನೋಡಿದ್ರವಾ."

ಆಕೆ ಬಿಡಾರಕ್ಕೆ ಹೋಗಿ ತಾಯಿ ಪಾತ್ರದ ಬಿಳಿ ಸೀರೆಯನ್ನು ತಾನೇ ಕೇಳಿ ತೆಗೆದುಕೊಂಡಳು. ಬೈಲಹೊಂಗಲದ ಮೊದಲ ಆಟದಲ್ಲಿ ತಾಯಿಯಾಗಿ ರಂಗಕ್ಕೆ ಬಂದು, ಬಲಗೆನ್ನೆಯೂ ಬೇಡ ಎಡಗೆನ್ನೆಯೂ ಬೇಡ ಎಂಬಂತೆ ಜನರಿಗೆ ಪೂರ್ತಿ ಬೆನ್ನು ಹಾಕಿ ನಿಂತು, ಒಂದೂ ತಪ್ಪದೆ ಮಾತು ಹೇಳಿದಳು. "ಮಾರಿ ತೋರಸಬೇ!" ಎಂದು ಹಿಂದಿನ ಸಾಲಿನವರು ಕೂಗುತ್ತಲೇ ಇದ್ದರು.

ಈ ಕಥೆಯನ್ನು ಫೋನಿನಲ್ಲಿ ನಾಲ್ಕು ಮಂದಿಗೆ ಕಳಿಸಿ. ಹಾಗೆ ಕೂಗಿದವರು ಯಾರಾದರೂ ಗುರುತಿಗಿದ್ದರೆ ಅವರಿಗೆ ಮೊದಲು ಕಳಿಸಿ.