ಬ್ರೇಕಿನೊಳಗಿನ ಮಾತು

ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಲಾರಿಯಲ್ಲಿ ತೀರಿಕೊಂಡ ಚಾಲಕನ ಮಾತು ಉಳಿಯುವುದು ಹುಬ್ಬಳ್ಳಿಯ ಗ್ಯಾರೇಜಿನವರಿಗೆ ಹೊಸದಲ್ಲ. ಸುಭದ್ರಾಳ ಗಂಡ ಬ್ರೇಕಿನ ಲೈನರುಗಳಲ್ಲಿ, ಚಕ್ರವನ್ನು ಉಜ್ಜಿ ನಿಲ್ಲಿಸುವ ಆ ಪಟ್ಟಿಗಳಲ್ಲಿ, ಉಳಿದಿದ್ದ. ಅವಳು ಬ್ರೇಕ್ ಒತ್ತಿದಾಗಲೆಲ್ಲ, ಲಾರಿ ಕಲಿಸುವಾಗ ಹೇಳುತ್ತಿದ್ದಂತೆಯೇ, "ಸಾವಕಾಶ, ಸುಭದ್ರಾ" ಎನ್ನುತ್ತಿದ್ದ.

ಈಗ ಅವಳು ಒಣಮೆಣಸಿನಕಾಯಿ ಹೇರಿಕೊಂಡು ಗುವಾಹಟಿಗೆ ಹೊರಡಬೇಕಿತ್ತು. ಅವಳ ಗಂಡನನ್ನು ಅಣ್ಣ ಎಂದೇ ಕರೆಯುತ್ತಿದ್ದ ಮೇಸ್ತ್ರಿ ದಸ್ತಗೀರ್ ಚಕ್ರ ಬಿಚ್ಚಿ ನೋಡಿದ.

"ಲೈನರ್ ಸವದು ಕಾಗದ ಆಗ್ಯಾವ್ರೀ ವೈನಿ. ಬದಲಿ ಮಾಡದಿದ್ರ ಘಾಟಿನ್ಯಾಗ ನೀವೂ ಅಣ್ಣನ ಹಿಂದ ಹೋಗ್ತೀರಿ."

ಅವಳು ಸವೆದ ಲೈನರಿನ ಮೇಲೆ ಬೆರಳಾಡಿಸಿದಳು. "ಹೊಸಾವು ಹಾಕಪಾ," ಎಂದಳು.

ಹಳೆಯವನ್ನು ಅವನು ಒರೆಸಿ, ಒಗೆದ ಅರಿವೆಯಲ್ಲಿ ಕಟ್ಟಿ ಕೊಡಹೋದ.

"ಬ್ಯಾಡ ದಸ್ತಗೀರ. ನನ್ನ ಜೋಡಿ ಒಯ್ದ್ರ, ಅವ್ರು ಮಾತಾಡಿದಾಗೊಮ್ಮೆ ತಿರುಗಿ ನೋಡ್ತೀನಿ. ರಸ್ತಾ ನೋಡಾವ್ರು ಯಾರು? ನಾ ಬರೂತನಾ ಇಲ್ಲೇ ಇರ್ಲಿ."

ಲಾರಿ ಗೇಟು ದಾಟಿತು. ಮುಂದಿನ ತಿರುವಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿದ ಕ್ಷಣವೇ, ಇಲ್ಲಿ ಹಲಗೆಯ ಮೇಲಿದ್ದ ಗಂಟು ಮೆಲ್ಲಗೆ, "ಸಾವಕಾಶ, ಸುಭದ್ರಾ" ಎಂದಿತು.

ದಸ್ತಗೀರ್ ಅದರ ಮೇಲೆ ಕೈಯಿಟ್ಟ.

"ಸಾವಕಾಶನ ಹೊಂಟಾರ್ರೀ ಅಣ್ಣಾ," ಎಂದ. "ನೀವು ಸ್ವಲ್ಪ ಮಲಕೊಳ್ರಿ."